ಶಾಂತಲಾ ಒಡೆದ ಬೀಗ

ಶಾಂತಲಾ ಬೀಗ ಒಡೆದಿದ್ದು ನಿಜ. ಸುತ್ತಿಗೆ ತಗೊಂಡು ಎಲ್ಲರ ಎದುರಿಗೇ ಒಡೆದಳು, ಆಮೇಲೂ ಅದನ್ನು ಮುಚ್ಚಿಟ್ಟವಳಲ್ಲ. ಆದರೆ ಯಾವ ಬೀಗ ಎಂದು ಕೇಳುವ ಪುರುಸೊತ್ತು ಟೂಲಿಂಗ್ ಕಾರ್ಖಾನೆ ಮಾಲೀಕರ ಸಂಘದ ಒಬ್ಬ ಪುಣ್ಯಾತ್ಮನಿಗೂ ಇರಲಿಲ್ಲ.

ಅವಳು ಟಿ. ದಾಸರಹಳ್ಳಿಯವಳು. ಹತ್ತನೇ ತರಗತಿ ಮುಗಿಸಿ, ಮನೆಯ ಹಿಂದಿನ ರಸ್ತೆಯಲ್ಲಿದ್ದ ಚಿಕ್ಕಹನುಮಯ್ಯನವರ ಶೆಡ್ಡಿಗೆ ಕಸ ಗುಡಿಸಲು ಸೇರಿದ್ದಳು. ಅಲ್ಲಿನ ಗ್ರೈಂಡಿಂಗ್ ಮಷೀನಿನ ಮುಂದೆ ಒಮ್ಮೆ ನಿಂತವಳು ಮತ್ತೆ ಕದಲಲಿಲ್ಲ. ತಗಡು ಕತ್ತರಿಸುವ ಡೈಗಳಿಗೆ, ಅಂದರೆ ಅಚ್ಚುಗಳಿಗೆ, ಬೇಕಾದ ಉಕ್ಕಿನ ಪ್ಲೇಟುಗಳನ್ನು ತಿರುಗುವ ಕಲ್ಲಿನಿಂದ ಉಜ್ಜಿ ಸಮ ಮಾಡುವ ಮಷೀನು ಅದು. ಚಿಕ್ಕಹನುಮಯ್ಯ ಬೈದು ಬೈದೇ ಕಲಿಸಿದರು. "ಕಿವಿ ಕೊಟ್ಟು ಕೇಳಮ್ಮಿ, ಕಲ್ಲು ಅಳ್ತಾ ಐತೆ, ನಿಧಾನಕ್ಕೆ ಇಳ್ಸು" ಎನ್ನುತ್ತಿದ್ದರು. ಕೆಲಸ ಕೈಗೆ ಹತ್ತಿದ ಮೇಲೆ, ತಾಯಿ ಸೊಣ್ಣಮ್ಮ "ಗಾರ್ಮೆಂಟ್ಸ್‌ಗೆ ಹೋಗೇ, ಜೊತೆಗೆ ಹೆಣ್ಮಕ್ಕಳಾದ್ರೂ ಇರ್ತಾರೆ" ಎಂದು ಎಷ್ಟು ಗೋಗರೆದರೂ ಮಗಳು ಜಗ್ಗಲಿಲ್ಲ. ಕಬ್ಬಿಣ ಬಿಟ್ಟು ಬಟ್ಟೆಗೆ ಹೋಗುವ ಮನಸ್ಸು ಅವಳಿಗೆ ಇರಲೇ ಇಲ್ಲ.

ಶೆಡ್ಡಿನಲ್ಲಿ ಕೆಲಸ ಕಮ್ಮಿಯಾದಾಗ ಚಿಕ್ಕಹನುಮಯ್ಯನವರೇ ಅವಳನ್ನು ಬ್ಯಾಟರಾಯಪ್ಪನ ಕಾರ್ಖಾನೆಗೆ ಸೇರಿಸಿದರು. ಬ್ಯಾಟರಾಯಪ್ಪ ಎಂದರೆ ಸಂಘದ ಅಧ್ಯಕ್ಷ. ಜಕ್ಕೂರಿನ ಜಮೀನು ಮಾರಿ ದೊಡ್ಡ ಕಾರ್ಖಾನೆ ಕಟ್ಟಿಸಿದವನು, ಆಫೀಸಿನ ಗೋಡೆ ತುಂಬ ಸನ್ಮಾನದ ಫಲಕ ತೂಗುಹಾಕಿಕೊಂಡವನು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಟಾಯ್ಲೆಟ್, ಅದಕ್ಕೂ ಬೀಗ. ಬೀಗದ ಕೈ ಇರುತ್ತಿದ್ದದ್ದು ಮಹಡಿ ಮೇಲೆ ಸೂಪರ್‌ವೈಸರ್ ಹತ್ತಿರ. ಅಷ್ಟೂ ಗಂಡಸರ ಕಣ್ಣೆದುರು ಮೆಟ್ಟಿಲು ಹತ್ತಿ ಹೋಗಿ ಕೇಳಬೇಕು. "ಮತ್ತೆ ಬಂದ್ಯಾ?" ಎಂದು ಆ ನಾಚಿಕೆಗೆಟ್ಟವನು ಹಲ್ಲು ಕಿಸಿಯುತ್ತಿದ್ದ. ಶಾಂತಲಾ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಹತ್ತಿ, ಜ್ವರ ಬಂದು ಮಲಗಿದಳು. ಚೇತರಿಸಿಕೊಂಡು ಬಂದ ದಿನ ಸೂಪರ್‌ವೈಸರ್ ರಜೆ ಹಾಕಿದ್ದ, ಬೀಗದ ಕೈ ಅವನ ಜೇಬಿನಲ್ಲೇ ಹೋಗಿತ್ತು. ಅವಳು ಸುತ್ತಿಗೆ ಎತ್ತಿಕೊಂಡಿದ್ದು ಆಗ.

ಸಂಜೆಯೇ ಬ್ಯಾಟರಾಯಪ್ಪ ಅವಳನ್ನು ಕೆಲಸದಿಂದ ತೆಗೆದ. ಹೋಗಲಿ ಬಿಡು, ಗ್ರೈಂಡಿಂಗ್ ಬಂದವರಿಗೆ ದಾಸರಹಳ್ಳಿಯಲ್ಲಿ ಕೆಲಸಕ್ಕೇನು ಬರ ಎಂದುಕೊಂಡಳು. ಹೋದಲ್ಲೆಲ್ಲ ಒಂದು ಪ್ಲೇಟು ಕೊಟ್ಟು ಮಾಡಿಸಿ ನೋಡಿದರು, ತಲೆದೂಗಿದರು, ನಾಳೆಯಿಂದ ಬಾ ಎಂದರು. ನಾಳೆ ಹೋದರೆ ಜಾಗ ಇಲ್ಲ ಎಂದರು. ಎಲ್ಲರದ್ದೂ ಅದೇ ರಾಗ. ಕೊನೆಗೆ ಗಿರಿ ಎಂಬ ಚಿಕ್ಕ ವಯಸ್ಸಿನ ಮಾಲೀಕ ಬಾಯಿಬಿಟ್ಟ.

"ಶಾಂತಲಕ್ಕ, ಇದನ್ನ ನೋಡಿ" ಎಂದು ಫೋನ್ ಮುಂದೆ ಹಿಡಿದ.

ಸಂಘದ ವಾಟ್ಸಾಪ್ ಗ್ರೂಪು. ಅದರಲ್ಲಿ ಅವಳ ಫೋಟೊ. ಕೆಳಗೆ ಬ್ಯಾಟರಾಯಪ್ಪನ ಮಾತು: 'ಫ್ಯಾಕ್ಟರಿಯ ಬೀಗ ಒಡೆದಿದ್ದಾಳೆ. ಸದಸ್ಯರು ಎಚ್ಚರದಿಂದಿರಿ.' ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

"ನಂಗೆ ನೀವು ಬೇಕು ಅಕ್ಕ. ಆದ್ರೆ ನಂಗೆ ಬರೋ ಜಾಬ್‌ವರ್ಕ್ ಎಲ್ಲಾ ಈ ಗ್ರೂಪಿನವರದ್ದೇ. ಏನ್ ಮಾಡ್ಲಿ ಹೇಳಿ."

ಶಾಂತಲಾಗೆ ಮೈಯೆಲ್ಲ ಉರಿಯಿತು. ಕಳ್ಳಿ ಎಂದೇ ಬರೆದಿದ್ದರೆ ಸುಳ್ಳು ಎಂದು ಬೀದಿಯಲ್ಲಿ ನಿಂತು ಜಗಳ ಆಡಬಹುದಿತ್ತು. ಈ ಮನುಷ್ಯ ಅರ್ಧ ನಿಜ ಬರೆದು, ಉಳಿದರ್ಧವನ್ನು ಓದುವವರ ಕೊಳಕು ಬುದ್ಧಿಗೆ ಬಿಟ್ಟಿದ್ದ.

ಆ ವಾರವೇ ಯಶವಂತಪುರದ ಕಲ್ಯಾಣ ಮಂಟಪವೊಂದರಲ್ಲಿ ಸಂಘದ ವಾರ್ಷಿಕ ಸಭೆ. ದಾಸರಹಳ್ಳಿಯ ಮೂಲೆಮೂಲೆಯಲ್ಲೂ ಬ್ಯಾನರ್ ನೇತಾಡುತ್ತಿತ್ತು: 'ನುರಿತ ಕೆಲಸಗಾರರ ಕೊರತೆ, ಮುಂದೇನು? ಎಲ್ಲರಿಗೂ ಸ್ವಾಗತ.' ಎಲ್ಲರಿಗೂ ಎಂದಮೇಲೆ ತನಗೂ ತಾನೇ ಎಂದು ಶಾಂತಲಾ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು.

ಬ್ಯಾಟರಾಯಪ್ಪ ಪೇಟ ತೊಟ್ಟು ಮೈಕ್ ಮುಂದೆ ಗೋಳಾಡುತ್ತಿದ್ದ. "ಕರೆದು ಕೆಲಸ ಕೊಡ್ತೀವಿ ಅಂದ್ರೂ ಬರೋರಿಲ್ಲ ಕಣ್ರೀ. ಈಗಿನೋರಿಗೆ ಕೈ ಕೊಳೆ ಆಗ್ಬಾರ್ದು. ಎಲ್ಲಿ, ಗ್ರೈಂಡಿಂಗ್‌ಗೆ ಜನ ಬೇಕಾಗಿರೋರು ಕೈ ಎತ್ತಿ ನೋಡೋಣ!"

ಅರ್ಧ ಸಭೆ ಕೈಯೆತ್ತಿತು. ಗಿರಿಯೂ ಎತ್ತಿದ. ಮುಂದಿನ ಸಾಲಿನಲ್ಲಿದ್ದ ಚಿಕ್ಕಹನುಮಯ್ಯನವರೂ ಎತ್ತಿದರು; ಅವರ ಶೆಡ್ಡಿಗೆ ಮತ್ತೆ ಕೆಲಸ ಬರತೊಡಗಿತ್ತು.

ಶಾಂತಲಾ ಎದ್ದು ನಿಂತಳು. "ನಾನಿದ್ದೀನಿ ಸಾರ್. ನಾಳೆ ಯಾರ ಶೆಡ್ಡಿಗೆ ಬರ್ಲಿ?"

ತಿರುಗಿ ನೋಡಿದವರ ಕೈಗಳು ಒಂದೊಂದಾಗಿ ಇಳಿದವು. ಒಬ್ಬ ತಲೆ ಕೆರೆದುಕೊಳ್ಳಲೆಂದೇ ಎತ್ತಿದ್ದವನಂತೆ ಕೆರೆದುಕೊಂಡ. ಇನ್ನೊಬ್ಬನಿಗೆ ಅದೇ ಗಳಿಗೆಯಲ್ಲಿ ಫೋನ್ ಬಂತು.

"ನಾನು ಒಡೆದಿದ್ದು ಹೆಂಗಸರ ಟಾಯ್ಲೆಟ್ ಬೀಗ" ಎಂದಳು ಅವಳು, ಮೈಕಿನ ಹಂಗಿಲ್ಲದ ದನಿಯಲ್ಲಿ. "ನಿಮ್ಮ ಅಧ್ಯಕ್ಷರು ಬೀಗ ಹಾಕಿ, ಕೀ ಗಂಡಸಿನ ಕೈಗೆ ಕೊಟ್ಟಿದ್ರು."

"ಏಯ್, ಹೆಣ್ಮಗಳಾಗಿ ಇದನ್ನೆಲ್ಲ ಇಲ್ಲಿ ಮಾತಾಡ್ತೀಯಲ್ಲ, ಮರ್ಯಾದೆ ಬೇಡ್ವಾ?" ಎಂದು ಬ್ಯಾಟರಾಯಪ್ಪ ಗದರಿದ.

"ನನ್ ಫೋಟೊ ಹಾಕುವಾಗ ನಿಮ್ಮ ಮರ್ಯಾದೆ ಎಲ್ಲಿ ಹೋಗಿತ್ತು?" ಅವಳು ಸಭೆಯತ್ತ ತಿರುಗಿದಳು. "ಯಾವ ಬೀಗ ಅಂತ ಈಗ ಗೊತ್ತಾಯ್ತಲ್ಲ. ಈಗ ಎತ್ತಿ ಕೈ!"

ಒಬ್ಬನೂ ಎತ್ತಲಿಲ್ಲ. ಹೊಟ್ಟೆಪಾಡು ಎಂದು ಇವರನ್ನು ಕ್ಷಮಿಸುವವರು ಕ್ಷಮಿಸಲಿ, ನನ್ನಿಂದಾಗದು. ಕಾರ್ಯಕ್ರಮ ನಡೆಸುತ್ತಿದ್ದವನು ಓಡಿಬಂದು ಅಧ್ಯಕ್ಷನ ಮುಂದಿನ ಮೈಕ್ ಕಿತ್ತುಕೊಂಡು ಊಟ ತಯಾರಿದೆ ಎಂದು ಘೋಷಿಸಿದ.

ಗೇಟಿನ ಹತ್ತಿರ ಚಿಕ್ಕಹನುಮಯ್ಯ ಏದುಸಿರು ಬಿಡುತ್ತ ಬಂದು ಅವಳನ್ನು ತಡೆದರು. "ಅಮ್ಮಿ, ಸೋಮವಾರದಿಂದ ನಮ್ಮಲ್ಲಿಗೇ ಬಾ. ಹಿತ್ಲು ಬಾಗ್ಲಿಂದ ಬಾ, ಯಾರಿಗೂ ಹೇಳ್ಬೇಡ. ಗ್ರೂಪಿನೋರ್ಗೆ ಗೊತ್ತಾದ್ರೆ ನಂಗೆ ಕಷ್ಟ ಆಯ್ತದೆ."

ಅವಳಿಗೆ ಕೆಲಸ ಬೇಕಿತ್ತು. ಆ ಶೆಡ್ಡು, ಆ ಮಷೀನು ಬೇಕಿತ್ತು. ಹೂಂ ಅನ್ನುವ ಮಾತು ಬಾಯಿಯವರೆಗೂ ಬಂದಿತ್ತು.

"ನೀವು ಕಲಿಸಿದ ಕೆಲಸ ಸಾರ್ ಇದು. ಅದನ್ನ ಕಳ್ಳಿ ಥರ ಬಂದು ಮಾಡ್ಲಾ?" ಎಂದಳು. "ಒಳಗೆ ಹೋಗಿ. ಅವರೆಲ್ಲರ ಮುಂದೆ ಒಂದ್ಸಲ ಕೈ ಎತ್ತಿ. ಸೋಮವಾರ ಯಾಕೆ, ಈಗಲೇ ಬರ್ತೀನಿ."

ಅವರು ನೆಲ ನೋಡಿದರು, ಅವಳ ಮುಖ ನೋಡಿದರು, ಆಮೇಲೆ ಒಳಗೆ ನಡೆದರು. ಕೈ ಎತ್ತಲೆಂದೇ ಹೋದರು ಎಂದುಕೊಂಡಳು ಶಾಂತಲಾ. ಗೇಟಿನ ಕಂಬಿ ಹಿಡಿದು, ತೆರೆದ ಬಾಗಿಲಿನೊಳಗೆ ಕಣ್ಣು ನೆಟ್ಟು ನಿಂತಳು.

ಚಿಕ್ಕಹನುಮಯ್ಯ ನೇರವಾಗಿ ಬ್ಯಾಟರಾಯಪ್ಪನ ಹತ್ತಿರವೇ ಹೋದರು. ಬ್ಯಾಟರಾಯಪ್ಪ ತಿರುಗಿ, ನಕ್ಕು, ಅವರ ಹೆಗಲ ಮೇಲೆ ಕೈಹಾಕಿ ಊಟದ ಸಾಲಿನಲ್ಲಿ ತನ್ನ ಮುಂದೆ ನಿಲ್ಲಿಸಿಕೊಂಡ. ಅವರು ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡರು.