ರಿಪೇರಿ ಮಾಡಿದ್ದು ಯಾರೆಂದು ಕೇಳಿದಾಗ

ಬ್ರಹ್ಮಾವರದ ಆ ಪ್ರದರ್ಶನದ ಹಾಲ್‌ನಲ್ಲಿ ನಾನು ಹೇಳಬೇಕಿದ್ದದ್ದು ಎರಡೇ ಶಬ್ದ: ನಮ್ಮ ಅಕ್ಕ. ಹೇಳಲಿಲ್ಲ. ಪಿನ್‌ಬಾಲ್ ಮೆಷಿನ್ ರಿಪೇರಿ ಮಾಡಿದ್ದು ಯಾರು ಎಂದು ಗಿರಾಕಿ ಕೇಳಿದಾಗ "ನಾನೇ" ಎಂದೆ. ಅಕ್ಕ ಅಲ್ಲೇ ನಿಂತು ಮೆಷಿನ್ನಿನ ಗಾಜು ಒರೆಸುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಒರೆಸಿತು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮುಂಬೈಯ ಒಂದು ಗೇಮ್ ಪಾರ್ಲರಿನಲ್ಲಿ ಕೆಲಸಕ್ಕಿದ್ದೆ. ಪಿನ್‌ಬಾಲ್ ಮೊದಲು ಕಂಡದ್ದು ಅಲ್ಲಿಯೇ. ನಾಲ್ಕು ಕಾಲಿನ ಇಳಿಜಾರು ಮೇಜು, ಮೇಲೆ ಗಾಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹೋಗಿ, ಗಂಟೆ ಬಾರಿಸುತ್ತ, ದೀಪ ಹೊತ್ತಿಸುತ್ತ ಕೆಳಗೆ ಉರುಳುತ್ತದೆ. ಬದಿಯ ಬಟನ್ ಒತ್ತಿದರೆ ಎರಡು ಪುಟ್ಟ ರೆಕ್ಕೆಗಳು ಎದ್ದು ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ಪಾರ್ಲರ್ ಮುಚ್ಚಿ ಸಾಮಾನು ಹರಾಜಾದ ದಿನ ನಾನೂ ಒಂದು ಪಿನ್‌ಬಾಲಿಗೆ ಬೆಲೆ ಕೂಗಿದೆ.

ನಮ್ಮದು ಉಪ್ಪುಂದದಲ್ಲಿ ಮೀನಿನ ವ್ಯಾಪಾರದ ಮನೆ. ಹರಾಜು ಎಂದರೆ ನನಗೆ ಗೊತ್ತಿದ್ದದ್ದು ದಕ್ಕೆಯ ಹರಾಜು ಒಂದೇ. ದೋಣಿಯಿಂದ ಇಳಿಸಿದ ಬುಟ್ಟಿಯ ಮೇಲಿನ ಮೀನು ನೋಡುವುದು, ಬೇರೆಯವರು ಬಾಯಿ ತೆರೆಯುವ ಮೊದಲು ಕೂಗುವುದು. ಇಲ್ಲೂ ಹಾಗೇ ಮಾಡಿದೆ. ಬಣ್ಣ ಮಿರಿಮಿರಿ ಮಿಂಚುತ್ತಿತ್ತು, ಕೂಗಿಬಿಟ್ಟೆ. ಅಡಿ ತೆರೆದು ನೋಡಲೇ ಇಲ್ಲ. ಮೀನು ಇಳಿಸಿ ಖಾಲಿಯಾಗಿ ಊರಿಗೆ ಹೊರಟಿದ್ದ ಲಾರಿಯಲ್ಲಿ ಹಾಕಿಕೊಂಡು ಬಂದೆ.

ಮನೆಯಲ್ಲಿ ಇರುವುದು ನಾನು, ಅಕ್ಕ ಇಬ್ಬರೇ. ನನಗಿಂತ ಆರು ವರ್ಷ ದೊಡ್ಡವಳು, ಬಲೆ ಹೊಲಿದು ಕೊಡುವುದು ಅವಳ ಕೆಲಸ. ಅಂಗಳದಲ್ಲಿ ಮೆಷಿನ್ನಿನ ಅಡಿ ಬಿಚ್ಚಿದರೆ ಒಳಗೆ ಇಲಿಯ ಗೂಡು, ಕಡಿದು ಬಿಟ್ಟ ರಾಶಿ ವಯರು.

"ಹ್ವಾಯ್, ಮೇಲಿನ ಮೀನ್ ಕಂಡ್ ಬುಟ್ಟಿ ತಂದ್ಯಾ?" ಎಂದಳು ಅಕ್ಕ.

"ಚಂದ ಇತ್ತಲೆ ಅಕ್ಕ."

"ಚಂದ ಇತ್ತ್. ಇಲಿಗೂ ಚಂದ ಕಂಡಿತ್. ಇನ್ನ್ ಅದ್ರ ಹತ್ರ ಬಾಡ್ಗಿ ಕೇಳ್."

ಮೂರು ದಿನ ನಕ್ಕಳು. ನಾಲ್ಕನೇ ದಿನ ಮಣೆ ಹಾಕಿಕೊಂಡು ಅದರ ಮುಂದೆ ಕೂತಳು. ಹರಿದ ಬಲೆಯಲ್ಲಿ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಗುವ ಹಾಗೆ ಒಂದು ವಯರು ಹಿಡಿದರೆ ತುದಿ ಸಿಗುವವರೆಗೆ ಬಿಡುತ್ತಿರಲಿಲ್ಲ. ಬೆಸುಗೆ ಹಾಕುವುದನ್ನು ಬೈಂದೂರಿನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೂತು ಕಲಿತಳು. ಕೂಡಿಸಿದ ವಯರುಗಳನ್ನು ಬಲೆಯ ನೂಲಿನಿಂದ, ಬಲೆಗೆ ಹಾಕುವ ಗಂಟನ್ನೇ ಹಾಕಿ, ಸಾಲಾಗಿ ಕಟ್ಟಿದಳು. "ಪ್ಲಾಸ್ಟಿಕ್ ಪಟ್ಟಿ ಒಣಗಿ ಮುರೀತ್, ನೂಲ್ ಎಂತ ಆತಿಲ್ಲ," ಎಂದಳು. ಗುಂಡು ಮೊದಲ ಸಲ ಗಂಟೆ ಬಾರಿಸಿದ ದಿನ ಇಬ್ಬರೂ ಆಡಿದ್ದೇ ಆಡಿದ್ದು. ಮಧ್ಯಾಹ್ನದ ಗಂಜಿ ಆರಿ ಹೋಯಿತು.

ಅದನ್ನು ಮರವಂತೆ ಬದಿಯ ಒಂದು ಹೋಂಸ್ಟೇಗೆ ಮಾರಿದೆವು. ಆಮೇಲೆ ಗೋವಾ, ಮಂಗಳೂರು ಎಂದು ಹರಾಜು ನಡೆದಲ್ಲಿಗೆ ಹೋಗಿ ಒಂದೊಂದೇ ತಂದೆವು. ಅಕ್ಕನೂ ಬರುತ್ತಿದ್ದಳು. ಅವಳು ಬಗ್ಗಿ ಅಡಿ ನೋಡಿ, ಎದ್ದು ಸೆರಗು ಸರಿಮಾಡಿಕೊಂಡರೆ ಕೂಗಬಹುದು ಎಂದು ಅರ್ಥ. ಸುಮ್ಮನೆ ಮುಂದೆ ಹೋದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ನಮ್ಮಿಬ್ಬರಿಗೂ ಅಂಥ ಹಿತವಾದ ದಿನಗಳು ಮೊದಲು ಬಂದಿರಲಿಲ್ಲ.

ಬ್ರಹ್ಮಾವರದ್ದು ಹಳೆಯ ವಸ್ತುಗಳ ಪ್ರದರ್ಶನ; ಮಾರಲು ನಾವೂ ಒಂದು ಮೆಷಿನ್ ಒಯ್ದಿದ್ದೆವು. ಮನೆಯಲ್ಲೇ ಹತ್ತು ಪಿನ್‌ಬಾಲ್ ಇಟ್ಟುಕೊಂಡ ಮಂಗಳೂರಿನ ಹಿರಿಯ ಗಿರಾಕಿಯೊಬ್ಬರು ಬಂದರು. ಅಡಿ ಬಿಚ್ಚಿಸಿ ನೂಲಿನ ಕಟ್ಟು ನೋಡಿ, "ಇಂಥ ಕೈಕೆಲಸ ನಾನೆಲ್ಲೂ ಕಂಡಿಲ್ಲ. ಯಾರು ಮಾಡಿದ್ದು?" ಎಂದರು. ಸುತ್ತ ಜನ ಸೇರಿದ್ದರು. ಅಕ್ಕ ಮಾಡಿದ್ದು ಎಂದರೆ ನಾನು ಬರೀ ಹೊರೆ ಹೊರುವವನು ಎಂದಾಗುತ್ತದಲ್ಲ ಅನ್ನಿಸಿತು. ಕಾರಣ ಅಷ್ಟೇ, ಅಷ್ಟು ಸಣ್ಣದು. ಅವರು ನನ್ನನ್ನು ಮೆಷಿನ್ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಅಕ್ಕನಿಗೆ "ಸ್ವಲ್ಪ ಆಚೆ ನಿಲ್ಲಿಯಮ್ಮ" ಎಂದರು. ಅವಳು ನಿಂತಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಶೇಂಗಾ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ಆ ಮಾತು ಎತ್ತಲಿಲ್ಲ. ರಿಪೇರಿಯನ್ನೂ ನಿಲ್ಲಿಸಲಿಲ್ಲ. ಪ್ರದರ್ಶನಗಳಿಗೆ ಬರುವುದನ್ನು ಮಾತ್ರ ಬಿಟ್ಟಳು. ಕರೆದರೆ, "ರಿಪೇರಿಯವ ಹೋದ್ರೆ ಸಾಕಲ್ದಾ? ನಾ ಎಂತಕ್?" ಎಂದು ನಗುತ್ತಿದ್ದಳು. ಒಬ್ಬನೇ ಹೋಗಿ ಮಾರಿ ಬರುತ್ತಿದ್ದೆ. ಅವಳು ಊಟ ಬಡಿಸುತ್ತ ಯಾರು ಕೊಂಡರು, ಏನೆಂದರು ಎಂದು ಕೇಳುತ್ತಿದ್ದಳು. ನಾನು ತಟ್ಟೆ ನೋಡಿಕೊಂಡು ಹೇಳುತ್ತಿದ್ದೆ.

ಈ ವರ್ಷ ಪ್ರದರ್ಶನ ಕುಂದಾಪುರದಲ್ಲಿ ಆಯಿತು. ಅದೇ ಗಿರಾಕಿ ಸ್ನೇಹಿತರನ್ನು ಕರೆದುಕೊಂಡು ಬಂದರು. ಅವರು ಆಡುತ್ತಿದ್ದ ಹಾಗೆ ಬಲಬದಿಯ ರೆಕ್ಕೆ ಏಳದಾಯಿತು. "ರಿಪೇರಿಯವರು ಇಲ್ಲೇ ಇದ್ದಾರಲ್ಲ," ಎಂದು ನನ್ನ ಬೆನ್ನು ತಟ್ಟಿದರು. ಕಂಬದ ಹಿಂದೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

"ಬಲಬದಿ ರೆಕ್ಕೆ ಏಳ್ತಿಲ್ಲ ಅಕ್ಕ. ಎಲ್ಲರೂ ನನ್ನೇ ಕಾಂತಿದ್ರ್."

"ಹೆದ್ರಬೇಡ. ಫೋನ್ ಕಿವಿ ಹತ್ರವೇ ಇಟ್ಕೊ, ಯಾರಿಗೂ ಗೊತ್ತಾಪ್ದ್ ಬ್ಯಾಡ. ಮೊದ್ಲ್ ಕರೆಂಟ್ ತೆಗಿ. ರೆಕ್ಕೆ ಅಡಿಗೆ ಎರಡ್ ತಗಡಿನ ನಾಲ್ಗಿ ಇತ್ತ್, ಕಂಡ್ತಾ? ಅದ್ರ ಮಧ್ಯ ಕಾಗ್ದ ಹಾಕಿ ಎಳಿ. ಉಪ್ಪ್‌ಗಾಳಿಗೆ ಕೊಳೆ ಹಿಡ್ದಿತ್, ಅಷ್ಟೇ."

ಫೋನ್ ಕಿವಿಗೆ ಹಿಡಿದೇ ಮೆಷಿನ್ನಿನ ಹತ್ತಿರ ಬಂದಿದ್ದೆ; ಅವಳು ಹೇಳಿದ ಹಾಗೆ ಕಾಗದ ಹಾಕಿ ಎಳೆದೆ. ಕರೆಂಟ್ ಕೊಟ್ಟರೆ ರೆಕ್ಕೆ ಟಪ್ಪೆಂದು ಎದ್ದಿತು. ಗಿರಾಕಿ ಚಪ್ಪಾಳೆ ತಟ್ಟಿ ಸ್ನೇಹಿತರಿಗೆ, "ನೋಡಿ, ಎರಡೇ ನಿಮಿಷ! ನಾನು ಹೇಳಿರಲಿಲ್ಲವೇ?" ಎಂದರು.

ಅಕ್ಕನಿಗೂ ಅದು ಕೇಳಿಸಿತ್ತು. "ಆಯ್ತಲೆ? ಹಾಂಗಾರ್ ಫೋನ್ ಇಡ್ತೆ, ಒಲಿ ಮೇಲ್ ಸಾರ್ ಇತ್ತ್," ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದರೆ ನಾನು ಅವತ್ತೂ ಸುಮ್ಮನಿರುತ್ತಿದ್ದೆನೋ ಏನೋ. ಇರಲಿಲ್ಲ. ನನ್ನ ಮಾನ ಉಳಿಯಿತೆಂದು ಅವಳಿಗೆ ಖುಷಿಯೇ ಆಗಿತ್ತು.

"ಇಡ್ಬೇಡ ಅಕ್ಕ," ಎಂದೆ. ಫೋನಿನ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳುವ ಹಾಗೆ ಹಿಡಿದೆ. "ಸರ್, ಈಗ ಇದನ್ನ ಹೇಳ್ಕೊಟ್ಟದ್ದ್ ನಮ್ಮಕ್ಕ. ಬ್ರಹ್ಮಾವರದಲ್ ನೀವ್ ಕಂಡ ಕೆಲ್ಸವೂ ಅವ್ಳ್ದೇ. ನಂಗ್ ಒಂದ್ ವಯರ್ ಕೂಡ್ಸೂಕೂ ಬತ್ತಿಲ್ಲ."

ಫೋನಿನೊಳಗಿಂದ ಅಕ್ಕ, "ಎಂತ ಮಾರಾಯ, ಅಷ್ಟ್ ಜನ್ರ್ ಎದ್ರ್ ಎಂತಕ್ ಇದೆಲ್ಲ?" ಎಂದಳು.

"ಅಷ್ಟ್ ಜನ್ರ್ ಎದ್ರೇ ಅಲ್ದಾ ನಾ ಸುಳ್ ಹೇಳಿದ್ದ್," ಎಂದೆ. "ನಿನ್ನ ಕೆಲ್ಸನ ನಂದ್ ಅಂದೆ. ತಪ್ಪಾಯ್ತ್ ಅಕ್ಕ."