ಮೂತಿ ಬೋಳಿಸಿದ ಕುದುರೆ

ಭಾಲ್ಕಿಯ ಮದುವೆಯಲ್ಲಿ ನಮ್ಮ ಕುದುರೆಗೆ ದೃಷ್ಟಿ ತಾಗಿತು, ಆಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ದೃಷ್ಟಿ ಇಳಿಯಿತು. ನನ್ನ ಅಜ್ಜಿ, ಅಂದರೆ ಆಯಿ, ಹೇಳುವ ಕಥೆ ಇಷ್ಟೇ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ. ಬೀದರಿನ ಸಾಲೆಯಲ್ಲಿ ಉರ್ದುವಿನಲ್ಲಿ ಬಹಸ್, ಅಂದರೆ ವಾದ, ಮಾಡಿ ಪಳಗಿದವನು ನಾನು. ಎದುರಾಳಿ ಏನು ಹೇಳಿದ ಎನ್ನುವುದಕ್ಕಿಂತ ಏನನ್ನು ಹೇಳದೆ ಬಿಟ್ಟ ಎಂದು ಹುಡುಕುವುದು ನನ್ನ ರೂಢಿ. ಈ ಕಥೆಯಲ್ಲಿ ಬಿಟ್ಟುಹೋದದ್ದು ಕ್ಷೌರದ ಕತ್ತಿ.

ಚಿದ್ರಿಯ ನಮ್ಮ ಮನೆಯಲ್ಲಿ ಕಂದು ಬಣ್ಣದ ಹೆಣ್ಣುಕುದುರೆಯೊಂದಿತ್ತು. ನನ್ನ ಚಿಕ್ಕಪ್ಪ, ಅಂದರೆ ಕಾಕಾ, ಅದರ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಸಂತೆಗಳಿಗೆ ಹೋಗುತ್ತಿದ್ದರು. ಭಾಲ್ಕಿಯ ನೆಂಟರ ಮದುವೆಗೆ, ಮದುಮಗನ ಮೆರವಣಿಗೆಗೆಂದು ಅದನ್ನೂ ಒಯ್ದೆವು. ಅಲ್ಲಿ ಕ್ಷೌರಿಕ ಮದುಮಗನ ಗಡ್ಡ ಹೆರೆದು ಏಳುವಷ್ಟರಲ್ಲಿ ಆಯಿ ಕುದುರೆಯತ್ತ ಕೈ ತೋರಿಸಿದಳು.

“ಇದರ ಮಾರೀನೂ ಒಂದೀಟು ನುಣ್ಣಗ ಮಾಡಪ್ಪಾ. ಮುದುಕನ ಗಡ್ಡ ಇದ್ದಾಂಗ ಕಾಣ್ತದ.”

ತುಟಿಯ ಸುತ್ತ, ಗದ್ದದ ಕೆಳಗೆ ಚಾಚಿಕೊಂಡಿದ್ದ ಉದ್ದನೆಯ ಬಿರುಸು ಕೂದಲು ಉದುರಿದವು. ಕುದುರೆ ಚೆಂದವೇ ಕಂಡಿತು, ಸುಳ್ಳು ಹೇಳಲಾರೆ.

ಮನೆಗೆ ಬಂದ ಮೇಲೆ ಅದು ನೀರಿನ ಕಲ್ಲುದೋಣಿಗೆ ಮೂತಿ ಬಡಿದುಕೊಂಡು ಗದ್ದ ತರಚಿಕೊಂಡಿತು. ಹುಲ್ಲಿನೊಳಗಿನ ಮುಳ್ಳನ್ನು ಮೊದಲು ಮೂತಿಯಲ್ಲೇ ಸವರಿ ಬದಿಗೆ ಸರಿಸುತ್ತಿತ್ತು; ಈಗ ಚುಚ್ಚಿಸಿಕೊಂಡು ಬೆದರತೊಡಗಿತು. ಕಾಕಾ ಬೆಲ್ಲ ಕೊಡಲು ಹೋದಾಗ ಬೆಲ್ಲದ ಜೊತೆ ಬೆರಳೂ ಹಲ್ಲಿಗೆ ಸಿಕ್ಕಿತು.

“ಕಚ್ಚೋ ಕುದುರಿ ಮನ್ಯಾಗ ಬ್ಯಾಡ,” ಎಂದರು ಕಾಕಾ, ಬೆರಳಿಗೆ ಅರಿಶಿನ ಒತ್ತಿಕೊಳ್ಳುತ್ತ. “ಪಂಚಮಿಗೆ ಡಾಬಕಾದ ಕುದುರಿ ವ್ಯಾಪಾರದವರು ಬರ್ತಾರ. ಕೊಟ್ಟು ಬಿಡ್ತೇನಿ.”

ನಾನು ಸವಾರಿ ಕಲಿತದ್ದು ಅದರ ಬೆನ್ನ ಮೇಲೆ. ಅದನ್ನು ಮಾರಗೊಡಬಾರದೆಂದು ಅಲ್ಲೇ ನಿಶ್ಚಯಿಸಿದೆ.

“ದೃಷ್ಟಿ ತಾಗೇದ. ಭಾಲ್ಕಿ ಮಂದಿ ಕಣ್ಣು ಖರಾಬ್,” ಎಂದಳು ಆಯಿ.

“ಎಲ್ಲಾರೂ ನೋಡಿದ್ದು ಮದಿಮಗನ್ನ. ಅವಗ ಯಾಕ ತಾಗಲಿಲ್ಲ, ಆಯಿ?”

“ಅವನ ಮಾರಿ ದೃಷ್ಟಿ ತಾಗೋ ಹಾಂಗಿತ್ತೇನೋ?”

ಕಾಕಾ ನಕ್ಕುಬಿಟ್ಟರು. ಸಭೆ ನಕ್ಕ ಮೇಲೆ ವಾದ ಮುಂದುವರಿಸುವುದು ಕಷ್ಟ. ಆದರೂ ಬಿಡಲಿಲ್ಲ.

“ಕಾಕಾ, ಕುದುರಿ ಕಣ್ಣು ಎಲ್ಲಿ ಅದಾವ್ರಿ? ಎರಡೂ ಮಗ್ಗಲಿಗೆ. ತನ್ನ ಬಾಯಿ ಕೆಳಗಿಂದು ಅದಕ್ಕ ಕಾಣೂದಿಲ್ಲ. ಆ ಕೂದಲಿನಿಂದನ ಮುಟ್ಟಿ ನೋಡ್ತದ. ನಮ್ಮ ಬೆಕ್ಕು ಚೀಲದ ಸಂದ್ಯಾಗ ನುಗ್ಗೂವಾಗ ಮೊದಲ ಮೀಸಿ ಚಾಚ್ತದೋ ಇಲ್ಲೋ?”

“ಕೂದಲಕ್ಕ ಜೀವ ಇರ್ತದೇನೋ ಶಾಣ್ಯಾ? ನಾನೂ ಮೀಸಿ ಕತ್ತರಸ್ತೇನಿ. ಗ್ವಾಡಿಗೆ ಹಾಯ್ತೇನೇನು?”

ಒಳ್ಳೆಯ ಆಕ್ಷೇಪವೇ. ಕೂದಲಿಗೆ ಜೀವವಿಲ್ಲ, ಒಪ್ಪಿದೆ. ಕುರುಡನ ಕೋಲಿಗೂ ಇಲ್ಲ. ಅರಿವಿರುವುದು ಕೋಲು ಹಿಡಿದ ಕೈಯಲ್ಲಿ. ಹಾಗೆಯೇ ಇಲ್ಲೂ ಅರಿವಿರುವುದು ಕೂದಲಿನ ಬುಡದಲ್ಲಿ. ಬಾಯಿಮಾತು ಸಾಲದೆಂದು ಕಾಕಾರನ್ನು ಕುದುರೆಯ ಬಳಿಗೆ ಕರೆದೊಯ್ದೆ. ಗದ್ದದಡಿ ಕ್ಷೌರಿಕನ ಕತ್ತಿಗೆ ತಪ್ಪಿಸಿಕೊಂಡ ಒಂದು ಕೂದಲು ಉಳಿದಿತ್ತು. ಅದರ ತುದಿಗೆ ಹುಲ್ಲುಕಡ್ಡಿ ತಾಗಿಸಿದೆ. ತುಟಿ ತಟ್ಟನೆ ಮಿಸುಕಿತು. ಬೋಳಾದ ಕಡೆಯಲ್ಲಿ ಕಡ್ಡಿಯನ್ನು ಅಷ್ಟೇ ಹತ್ತಿರ ತಂದೆ. ಚರ್ಮಕ್ಕೆ ತಾಗುವವರೆಗೂ ಕುದುರೆಗೆ ಖಬರೇ ಇಲ್ಲ.

“ನೊಣ ಅಂದ್ಕೊಂಡಿರಬೇಕು,” ಎಂದರು ಕಾಕಾ.

“ನೊಣ ಅಂತಾದ್ರೂ ಅದಕ್ಕ ಯಾತರಿಂದ ತಿಳೀತ್ರಿ?”

ಕಾಕಾ ಗದ್ದ ಕೆರೆದುಕೊಂಡರು. “ಪಂಚಮಿ ತನಕ ನೋಡೋಣು,” ಎಂದರಷ್ಟೇ.

ಅಂದಿನಿಂದ ದೋಣಿಯ ಅಂಚಿಗೆ ಗೋಣಿ ಸುತ್ತಿದೆ, ಹುಲ್ಲಿನ ಮುಳ್ಳನ್ನು ನಾನೇ ಆರಿಸಿದೆ, ಬೆಲ್ಲವನ್ನು ಅಗಲ ತಟ್ಟೆಯಲ್ಲಿಟ್ಟು ಕೊಟ್ಟೆ. ಆಯಿಯೂ ಬಿಡಲಿಲ್ಲ; ಮಂಗಳವಾರ ಬಂದರೆ ಸಾಕು, ಮೆಣಸಿನಕಾಯಿಯ ಘಾಟಿಗೆ ನಾವೂ ಕುದುರೆಯೂ ಕೂಡಿ ಸೀನುತ್ತಿದ್ದೆವು. ಕೂದಲು ನಿಧಾನವಾಗಿ ಬೆಳೆದವು.

ಪಂಚಮಿಗೆ ಡಾಬಕಾದವರು ಬಂದರು. ಕಾಕಾ ಅವರೆದುರಿಗೇ ಅಂಗೈ ಮೇಲೆ ಬೆಲ್ಲವಿಟ್ಟು ಚಾಚಿದರು. ಕುದುರೆ ಮೂತಿ ತಂದಿತು, ಕೂದಲಿನಿಂದ ಅಂಗೈಯನ್ನು ಸವರಿತು, ತುಟಿಯಿಂದ ಬೆಲ್ಲವನ್ನಷ್ಟೇ ಎತ್ತಿಕೊಂಡಿತು.

“ಮಾಫ್ ಮಾಡ್ರಿ,” ಎಂದು ಕಾಕಾ ಬಂದವರ ಕಡೆ ತಿರುಗಿದರು. “ಕುದುರಿ ಕೊಡೂದಿಲ್ಲ. ಛಾ ಕುಡಿದು ಹೋಗ್ರಿ.”

“ನೋಡಿದ್ಯಾ, ದೃಷ್ಟಿ ಇಳೀತು,” ಎಂದಳು ಆಯಿ. ಎರಡು ಉಪಾಯಗಳೂ ಕೂಡಿಯೇ ನಡೆದಿದ್ದರಿಂದ ಗೆದ್ದದ್ದು ಯಾವುದೆಂದು ತೋರಿಸಲು ನನಗೆ ದಾರಿಯಿರಲಿಲ್ಲ. ಇನ್ನೊಮ್ಮೆ ಬೋಳಿಸಿ ನೋಡಬಹುದಿತ್ತು. ವಾದ ಗೆಲ್ಲಲು ಕುದುರೆಯ ಗದ್ದ ತರಚಿಸುವುದೇ?

ತುಳಸಿ ಲಗ್ನ ಕಳೆದ ಮೇಲೆ ಔರಾದದಲ್ಲೊಂದು ಮದುವೆ. ಮತ್ತೆ ನಮ್ಮದೇ ಕುದುರೆ. ಅಲ್ಲಿನ ಕ್ಷೌರಿಕ ಮದುಮಗನ ಕೆಲಸ ಮುಗಿಸಿ, ಕತ್ತಿ ಒರೆಸಿಕೊಂಡು ತಾನಾಗಿಯೇ ಕೇಳಿದ: “ಕುದುರೀದೂ ಮಾಡ್ಲೇನ್ರಿ ಅಮ್ಮಾ?”

ಆಯಿ ದಡಬಡಿಸಿ ಎದ್ದು ಹೋಗಿ ಕುದುರೆಯ ಮೂತಿಯನ್ನು ಎರಡೂ ಕೈಯಿಂದ ಮುಚ್ಚಿದಳು. ಬಿರುಸು ಕೂದಲು ಅವಳ ಬೆರಳ ಸಂದಿಯಿಂದ ಹೊರಗೆ ಇಣುಕುತ್ತಿದ್ದವು.

“ಬ್ಯಾಡಪ್ಪಾ, ಅಲ್ಲಿ ಕತ್ತಿ ಹಚ್ಚಬ್ಯಾಡ!”

ನಾನು ಹತ್ತಿರ ಹೋಗಿ ನಿಂತೆ.

“ಆಯಿ, ಭಾಲ್ಕ್ಯಾಗ ತಾಗಿದ್ದು ದೃಷ್ಟಿನ ಆಗಿದ್ರ, ಇಲ್ಲಿ ನೀ ಕತ್ತಿ ಯಾಕ ತಡದಿ?”