ಹೊಲಿಗೆ ಟೀಚರ ಕಂಪ್ಯೂಟರ್ ಪಾಠ

ಇಪ್ಪತ್ತಾರು ವರ್ಷ ಹೊಲಿಗೆ ಕಲಿಸಿದವರಿಗೆ ಐವತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರ್ ಪಾಠ ವಹಿಸಿದಾಗ ಶಾಲೆಯಲ್ಲಿ ನಗದವರೇ ಇರಲಿಲ್ಲ. ಹೊಲಿಗೆ ಯಂತ್ರಗಳಿದ್ದ ಕೋಣೆಗೆ ಹದಿನೆಂಟು ಕಂಪ್ಯೂಟರುಗಳು ಬಂದಿದ್ದವು. ಯಂತ್ರಗಳ ಜೊತೆ ಟೀಚರನ್ನೂ ಸಾಗಹಾಕಲು ಮನಸ್ಸಾಗದೆ ಹೆಡ್‌ಮಾಸ್ಟರು ಅವರನ್ನು ರಜೆಯಲ್ಲಿ ತರಬೇತಿಗೆ ಕಳಿಸಿದರು. ಅವರು ಟೊಂಕ ಕಟ್ಟಿ ಕಲಿತರು. ಒಂದೇ ಹೊಲಿಗೆಯನ್ನು ನೂರು ಸಲ ಹಾಕುವುದಕ್ಕೂ ಒಂದೇ ಆದೇಶವನ್ನು ನೂರು ಸಲ ನಡೆಸುವುದಕ್ಕೂ ಅಂಥ ದೂರವಿಲ್ಲವೆಂದು ತಿಳಿದ ಮೇಲೆ ಕಬ್ಬಿಣದ ಕಡಲೆಯೂ ಹಲ್ಲಿಗೆ ಮೆತ್ತಗಾಯಿತು. ಮಕ್ಕಳು ಮಾತ್ರ ಈಗಲೂ ಹೊಲಿಗೆ ಟೀಚರ್ ಎಂದೇ ಕರೆಯುತ್ತಿದ್ದರು.

ನಾಲ್ಕನೇ ತರಗತಿಯಲ್ಲಿ ಇಬ್ಬರಿಗೊಂದು ಕಂಪ್ಯೂಟರ್. ಪರದೆಯ ಮೇಲೊಂದು ಆಮೆ. ‘ಹತ್ತು ಹೆಜ್ಜೆ ಮುಂದೆ’, ‘ಬಲಕ್ಕೆ ತಿರುಗು’ ಎಂದು ಬರೆದರೆ ಅದು ಗೆರೆ ಎಳೆಯುತ್ತ ಹೋಗುತ್ತದೆ. ಈ ಆಟದಲ್ಲಿ ಬಸ್ ಡ್ರೈವರನ ಮಗಳು ಎಲ್ಲರಿಗಿಂತ ಚುರುಕು. ಬಾಯಿ ನಿಲ್ಲದವಳಾದ್ದರಿಂದ ಎಲ್ಲರಿಗೂ ಅವಳು ‘ಗಿಣಿ’. ಯಾರ ಆಮೆ ದಾರಿ ತಪ್ಪಿದರೂ “ಬರೆದಿದ್ದನ್ನ ಜೋರಾಗಿ ಓದು” ಎನ್ನುವಳು. ಓದಿ ಮುಗಿಯುವಷ್ಟರಲ್ಲಿ ತಪ್ಪು ಹಿಡಿಯುವಳು. “ಮೂರನೇ ಸಲ ತಿರುಗಿಸೋದನ್ನೇ ಬಿಟ್ಟಿದ್ದೀಯಲ್ಲೋ!”

ಆದರೆ ಅವಳ ನೋಟ್‌ಬುಕ್ ಕಾಗೆ ಕಾಲು ಗುಬ್ಬಿ ಕಾಲು. ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳುತ್ತಲೇ ಇರಲಿಲ್ಲ. ಅದಕ್ಕಾಗಿ ಟೀಚರು ಎರಡು ಸಲ ಬಾಗಿಲಾಚೆ ನಿಲ್ಲಿಸಿದ್ದರು. ಪ್ರಗತಿಪತ್ರದಲ್ಲಿ ‘ಜಾಣೆ, ಆದರೆ ಸೋಮಾರಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಒಂದು ಮಂಗಳವಾರ ಗಿಣಿಯ ಪಕ್ಕ ಕೂರುವ ಗೆಳತಿ ಜ್ವರವೆಂದು ಬರಲಿಲ್ಲ. ಅರ್ಧ ಗಂಟೆಯಾದರೂ ಗಿಣಿಯ ಆಮೆ ಇದ್ದಲ್ಲೇ ಇತ್ತು.

“ಏನೇ, ಇವತ್ತು ಕೈಗೆ ರಜಾನಾ?”

“ಅವಳು ಬಂದಿಲ್ವಲ್ಲ ಟೀಚರ್. ನಾನು ಹೇಳ್ತೀನಿ, ಅವಳು ಒತ್ತುತ್ತಾಳೆ. ಪರದೇಲಿ ಬಂದಿದ್ದನ್ನ ಓದಿ ಹೇಳ್ತಾಳೆ.”

ಟೀಚರಿಗೆ ಏನೋ ಕಸಿವಿಸಿಯಾಯಿತು. “ಆಮೆ ಎಲ್ಲಿದೆ, ಬೆರಳಿಟ್ಟು ತೋರಿಸು.”

ಗಿಣಿ ಬೆರಳಿಟ್ಟಳು. ಆಮೆ ಅಲ್ಲಿಂದ ಒಂದು ಗೇಣು ಆಚೆಗಿತ್ತು.

ಟೀಚರು ಹಾಳೆಯ ಮೇಲೆ ಅಂಗೈಯಗಲದ ‘ಮ’ ಬರೆದು ಹಿಡಿದರು. “ಇದೇನು?”

“ಕಪ್ಪಗೆ ಏನೋ ಇದೆ.”

“ಪಾಠ ಓದ್ತಿದ್ದೆಯಲ್ಲೇ!”

“ಬೇರೆಯವರು ಓದಿದ್ದು ಕಿವಿಲಿ ಇರುತ್ತಲ್ಲ, ಅದನ್ನೇ ಹೇಳ್ತಿದ್ದೆ.”

“ಯಾವಾಗಿಂದ ಹೀಗೆ ಮಸುಕಾಗಿ ಕಾಣ್ತಿದೆ?”

ಗಿಣಿ ಬೆರಗಾಗಿ ಕೇಳಿದಳು: “ಎಲ್ಲರಿಗೂ ಹೀಗೇ ತಾನೇ ಕಾಣೋದು? ನಿಮಗೆ ಬೇರೆ ಥರ ಕಾಣುತ್ತಾ ಟೀಚರ್?”

ಮಗುವಿನ ಕಣ್ಣು ನೋಡಿದರೆ ಹೊಟ್ಟೆಯೊಳಗಿನದು ಹೇಳುತ್ತೇನೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡವರು ಟೀಚರು. ಬೆಂಚು ಹಿಡಿದು ಕೂತರು.

ಮಧ್ಯಾಹ್ನ ಖಾಕಿ ಸಮವಸ್ತ್ರದಲ್ಲೇ ಓಡಿಬಂದ ಅಪ್ಪ ವಿಷಯ ಕೇಳಿ ಮಗಳ ಮುಖವನ್ನು ತನ್ನತ್ತ ತಿರುಗಿಸಿಕೊಂಡ. “ನನ್ನ ಕಣ್ಣನ್ನ ವರ್ಷ ವರ್ಷ ಪರೀಕ್ಷೆ ಮಾಡ್ತಾರೆ ಮೇಡಂ. ಇವಳನ್ನ ಒಂದು ಸಲಾನೂ...”

ಕಣ್ಣಿನ ಡಾಕ್ಟರು ದಪ್ಪ ಗಾಜಿನ ಕನ್ನಡಕ ಬರೆದುಕೊಟ್ಟರು. ಬಲಗಣ್ಣು ಚೆನ್ನಾಗಿ ಸುಧಾರಿಸುತ್ತದೆ, ಎಡಗಣ್ಣಿನ ಮಾತು ಹೇಳಲಾಗದು. ಎರಡು ಮೂರು ವರ್ಷ ಮುಂಚೆ ಬರಬೇಕಿತ್ತು ಎಂದರು. ಆ ವರ್ಷಗಳಲ್ಲಿ ಎರಡು, ಅವಳು ಮೂರನೇ ತರಗತಿಗೆ ಬಂದಾಗಿನಿಂದ, ತಮ್ಮ ಕಣ್ಣೆದುರೇ ಕಳೆದಿದ್ದವೆಂಬುದು ಟೀಚರಿಗೆ ಚುಚ್ಚಿತು.

ಕನ್ನಡಕ ಹಾಕಿಕೊಂಡು ಬಂದ ದಿನ ಗಿಣಿ ಪರದೆ ನೋಡಿ ಚೀರಿದಳು: “ಅಯ್ಯೋ, ಆಮೆಗೆ ಕಾಲಿದೆ!” ತರಗತಿಯೆಲ್ಲ ಗೊಳ್ಳೆಂದಿತು. ಟೀಚರಿಗೆ ನಗು ಬರಲಿಲ್ಲ. ಅಂದೇ ಪಾಠ ನಿಲ್ಲಿಸಿ, ಮೂವತ್ತಾರು ಮಕ್ಕಳನ್ನೂ ಒಬ್ಬೊಬ್ಬರಾಗಿ ಬಾಗಿಲ ಬಳಿ ನಿಲ್ಲಿಸಿ ಬೋರ್ಡಿನ ಅಕ್ಷರ ಓದಿಸಿದರು. ಆಮೇಲೆ ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋದರು.

“ಇನ್ನೂ ಮೂವರಿದ್ದಾರೆ ಸಾರ್. ಒಬ್ಬ ಮೊದಲನೇ ಬೆಂಚಿನವನು. ಇಷ್ಟು ದಿನ ನಾನೇನು ನೋಡ್ತಿದ್ದೆ?”

ಹೆಡ್‌ಮಾಸ್ಟರು ಕುರ್ಚಿ ಸರಿಸಿಕೊಟ್ಟರು. ಅವರೆದುರೇ ಕೂತು ಟೀಚರು, ಶಾಲೆಯ ಎಲ್ಲ ಮಕ್ಕಳ ಕಣ್ಣು ನೋಡಲು ಬರಬೇಕೆಂದು ಡಾಕ್ಟರಿಗೆ ಪತ್ರ ಬರೆಯತೊಡಗಿದರು. ಮೊದಲ ಸಾಲಿನಲ್ಲೇ ಆ ಮೂವರ ಹೆಸರು ಬರೆದರು.